ಎಣಿಕೆಯ ದಿನ ಎಳ್ಳಮಾವಾಸ್ಯೆ

ಹೈದರಾಬಾದಿನ ನಾಂಪಲ್ಲಿಗೆ ನಾನು ಹೋಗಿದ್ದು ಪೆನ್ಷನ್ ಕಾಗದದ ಕೆಲಸಕ್ಕೆ. ಕೆಲಸ ಆಗಲಿಲ್ಲ, ಅದು ಬೇರೆ ಮಾತು. ಒಂದೇ ಸಲಕ್ಕೆ ಆಗಿಬಿಡುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಡಿಸೆಂಬರ್ ತಿಂಗಳ ಬಿಸಿಲು ಹಿತವಾಗಿತ್ತು. ಪ್ರತಿ ಜನವರಿಯ ವಸ್ತುಪ್ರದರ್ಶನಕ್ಕೆಂದು ಮೈದಾನದಲ್ಲಿ ಮಳಿಗೆಗಳನ್ನು ಕಟ್ಟುತ್ತಿದ್ದರು, ಮೊಳೆ ಹೊಡೆಯುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ರೈಲು ನಿಲ್ದಾಣದ ಎದುರು ಒಬ್ಬ ಹೆಂಗಸು ಗೋಣಿತಟ್ಟಿನ ಮೇಲೆ ಹಸಿ ಕಡಲೆಯ ಗಿಡ ಹರವಿಕೊಂಡು ಕೂತಿದ್ದಳು. ನಮ್ಮ ಕಡೆ ಅದಕ್ಕೆ ಸುಲಗಾಯಿ ಅನ್ನುತ್ತೇವೆ. ಒಂದು ಕಟ್ಟು ಕೈಗೆತ್ತಿಕೊಂಡೆ. ಎಲೆಯ ಹುಳಿ ಬೆರಳಿಗೆ ಅಂಟಿತು.

ಹಿಂದಿಯಲ್ಲಿ ದರ ಕೇಳಿದೆ. ಅವಳು ಹಿಂದಿಯಲ್ಲೇ ಹೇಳಿ, ಪಕ್ಕದಲ್ಲಿದ್ದವಳ ಕಡೆ ತಿರುಗಿ "ಇದೊಂದು ತೀರಿದ್ರ ಗಾಡಿ ಸಿಗತೈತಿ ನೋಡವ್ವ" ಅಂದಳು. ಕನ್ನಡ ಕೇಳಿ ನಾನೂ ಕನ್ನಡಕ್ಕೆ ಬಂದೆ.

"ಯಾವ ಗಾಡಿ? ಎಲ್ಲಿಗೆ ಹೊಂಟೀರಿ?"

"ಊರಿಗ್ರಿ ಅಕ್ಕ. ನಾಳಿ ಎಳ್ಳಮಾಸಿ ಅಲ್ಲೇನ್ರಿ."

"ನಾಳೆನಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರ್ರಿ ನಿಮ್ಮದು?"

"ಆಳಂದ."

"ಆಳಂದದವರಾಗಿ ಎಳ್ಳಮಾಸಿ ಗೊತ್ತಿಲ್ಲಂದ್ರ ಹೆಂಗ್ರಿ ಅಕ್ಕ," ಎಂದು ನಕ್ಕಳು. ಅವಳು ತಮಾಷೆಗೆ ಅಂದದ್ದು. ಹೇಳಿದಷ್ಟು ಕೊಟ್ಟು, ಕಟ್ಟನ್ನು ಚೀಲಕ್ಕೆ ತುರುಕಿ, ಆಟೋ ಹತ್ತಿದೆ. ಹಿಮಾಯತ್‌ನಗರದ ಮನೆ ಮುಟ್ಟುವವರೆಗೂ ಆ ಹುಳಿ ವಾಸನೆ ಚೀಲದೊಳಗಿಂದ ಬರುತ್ತಲೇ ಇತ್ತು, ಮತ್ತು ನನ್ನ ಕೆಲಸದ ಕೊನೆಯ ವರ್ಷ ಇಡಿಯಾಗಿ ಕಣ್ಣ ಮುಂದೆ ಬಂತು.

ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದದ್ದು ಹಿಮಾಯತ್‌ನಗರದ ಒಂದು ಓಣಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಅದರ ಹೆಸರು ಬೇಡ, ಈಗ ಅದರ ಗೋಡೆಯ ಮೇಲೆ ಬೇರೆ ಫಲಕವಿದೆ. ಒಂದು ಕಾಲಕ್ಕೆ ಅಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲವಂತೆ. ಕಲಬುರಗಿ, ಬೀದರ್ ಕಡೆಯ ವ್ಯಾಪಾರಿಗಳು, ಸರ್ಕಾರಿ ನೌಕರರು ಸುತ್ತಮುತ್ತಲೇ ಇದ್ದರು, ಮಕ್ಕಳನ್ನು ನಡೆಸಿಕೊಂಡು ಬಂದು ಬಿಡುತ್ತಿದ್ದರು. ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿದರು. ನಮ್ಮ ಪಾಲಿಗೆ ಉಳಿದವರು ಅಡುಗೆಯವರ, ವಾಚ್‌ಮನ್‌ಗಳ, ಬಟ್ಟೆ ಅಂಗಡಿಯ ಕೆಲಸದವರ ಮಕ್ಕಳು. ಆ ವರ್ಷ ಜೂನ್‌ನಲ್ಲಿ ಬಾಗಿಲು ತೆರೆದಾಗ ಎಂಟು, ಒಂಬತ್ತು, ಹತ್ತು ಸೇರಿ ಇದ್ದದ್ದು ಇಪ್ಪತ್ತೊಂದು ಮಕ್ಕಳು. ಅದೇ ವಾರ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು: ವರ್ಷದ ನಡುವೆ ಒಂದು ದಿನ ಬಂದು ತಲೆ ಎಣಿಸುತ್ತೇವೆ, ಮೂವತ್ತು ಇಲ್ಲದಿದ್ದರೆ ಮೇಲಿನ ತರಗತಿಗಳು ಮುಂದಿನ ವರ್ಷ ಇರುವುದಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ಭಟ್ ಸರ್, ಕುಂದಾಪುರದ ಕಡೆಯವರು, ಯಾರಿಗೂ ಗದರಿ ಗೊತ್ತಿಲ್ಲದ ಮನುಷ್ಯ. ಕಾಗದವನ್ನು ನಾಲ್ಕು ಸಲ ಮಡಿಸಿ ನಾಲ್ಕು ಸಲ ಬಿಚ್ಚಿ, "ಮೇಡಂ, ಇಷ್ಟು ದೊಡ್ಡ ಊರಲ್ಲಿ ಇನ್ನು ಒಂಬತ್ತು ಕನ್ನಡದ ಮಕ್ಕಳು ಇಲ್ಲವಾ?" ಅಂದರು.

ಇದ್ದಾರೆ, ಬೇಕಾದಷ್ಟು ಇದ್ದಾರೆ. ಆದರೆ ಶಾಲೆ ಇದ್ದಲ್ಲಿ ಇಲ್ಲ. ಬಾಲಾನಗರದಲ್ಲಿ, ಕಾರ್ಖಾನೆಗಳ ಹಿಂದೆ, ಕಟ್ಟಡ ಏಳುವ ಜಾಗಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇರುವ ನಮ್ಮ ಯಾದಗಿರಿ, ರಾಯಚೂರಿನ ಮಂದಿಯನ್ನು ಬಸ್ಸಿನಲ್ಲಿ ಹೋಗುವಾಗ ನೋಡಿದ್ದೆ. "ನಾ ಹೋಗಿ ಕರಕೊಂಡು ಬರ್ತೀನಿ ಸರ್," ಅಂದೆ. ಎಲ್ಲಿಂದ ಬಂತೋ ಆ ಧೈರ್ಯ. ಮೂವತ್ತು ವರ್ಷ ಕಲಿಸಿದ ಶಾಲೆ ನನ್ನ ಕಣ್ಣೆದುರು ಮುಚ್ಚಬಾರದು ಅನ್ನುವ ಸ್ವಾರ್ಥ ಇರಬೇಕು.

ಮಳೆ ಜಿಟಿಜಿಟಿ ಹಿಡಿದ ಒಂದು ಭಾನುವಾರ ಬಾಲಾನಗರಕ್ಕೆ ಹೋದೆ. ಹದಿನಾಲ್ಕು ಅಂತಸ್ತಿನಲ್ಲಿ ಆಗಲೇ ಹತ್ತು ಎದ್ದಿದ್ದ ಕಟ್ಟಡದ ಬುಡದಲ್ಲಿ ಇಪ್ಪತ್ತೈದು ಮೂವತ್ತು ಶೆಡ್ಡುಗಳಿದ್ದವು. ಕಾಲಿಟ್ಟರೆ ಕೆಸರು, ಮೇಲೆ ತಗಡಿನ ಸದ್ದು. ಅಲ್ಲಿಯೇ ಮಲ್ಲಪ್ಪನ ಪರಿಚಯವಾದದ್ದು. ಯಾದಗಿರಿ ಜಿಲ್ಲೆಯಲ್ಲಿ ಭೀಮಾ ಹೊಳೆಯ ಪಕ್ಕದ ಹಳ್ಳಿಯವನು, ಸ್ಲ್ಯಾಬು ಹಾಕುವ ಮೊದಲು ಹಲಗೆ ಜೋಡಿಸಿ ಕಟ್ಟುವ ಸೆಂಟ್ರಿಂಗ್ ಕೆಲಸ. ಹೆಂಡತಿ ನಾಗಮ್ಮ ಅದೇ ಕಟ್ಟಡಕ್ಕೆ ಉಸುಕು, ಕಂಕರು ಹೊರುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಮಲ್ಲಪ್ಪ ತಲೆ ಕೆರೆದುಕೊಂಡ.

"ಸಾಲಿ ಅಂದ್ರ ಚಲೋನ ಐತ್ರಿ. ಊರಾಗಿದ್ದ ಸಾಲಿ ಮುಚ್ಚಿದ್ರು, ಹುಡುಗರ ಇಲ್ಲಂತ. ಹುಡುಗರು ಎಲ್ಲಾ ಇಲ್ಲಿ ಬಂದಾವು, ಇಲ್ಲಿ ನೋಡಿದ್ರ ನಮ್ಮ ಸಾಲಿ ಇಲ್ಲ. ಈಗ ನೀವ ಬಂದೀರಿ ಅಂದ್ರ ಬಿಡಾಕ ಬರತೈತೇನ್ರಿ."

ಅವನ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದವಳು ಮಗಳು ಶರಣಮ್ಮ. ಹದಿಮೂರು ವರ್ಷ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಊರಿನಲ್ಲಿ ಏಳನೇ ತರಗತಿ ಮುಗಿಸಿ, ಒಂದು ವರ್ಷದಿಂದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಅಡುಗೆ ಮಾಡಿಕೊಂಡು ಇದ್ದಳು. ಓದು ಬಿಟ್ಟು ಏನೇನು ಮರೆತಿದ್ದಾಳೋ ನೋಡೋಣ ಅಂತ, "ಭೀಮಾ ಎಲ್ಲಿ ಹುಟ್ಟತಾಳ?" ಅಂದೆ. ಅವಳು ಹುಟ್ಟಿದ್ದನ್ನೂ ಹೇಳಿದಳು, ಕೃಷ್ಣೆಗೆ ಸೇರುವುದನ್ನೂ ಹೇಳಿದಳು. ಆಮೇಲೆ "ಹತ್ತನೇತ್ತಾ ತನಕ ಐತೇನ್ರಿ ನಿಮ್ಮ ಸಾಲಿ?" ಎಂದು ಕೇಳಿದಳು. ಐತಿ ಅಂದೆ. "ಹಂಗಾದ್ರ ನಾ ಬರ್ತೀನಿ," ಅಂದಳು, ಅಪ್ಪನ ಮುಖ ನೋಡದೆ.

ಆ ಶೆಡ್ಡುಗಳಿಂದ ಹದಿಮೂರು ಮಕ್ಕಳು ಬಂದರು. ಇಪ್ಪತ್ತೊಂದು ಇದ್ದದ್ದು ಮೂವತ್ತನಾಲ್ಕಾಯಿತು. ಭಟ್ ಸರ್ ಆ ದಿನ ಎಲ್ಲರಿಗೂ ಚಹಾ ತರಿಸಿದರು.

ಮೊದಲ ದಿನ ಮಕ್ಕಳನ್ನು ಮುಟ್ಟಿಸಲು ನಾಗಮ್ಮ ಜೊತೆಗೆ ಬಂದಿದ್ದಳು. ಎರಡು ಬಸ್ಸು ಬದಲಿಸಬೇಕು. ಹೆಂಗಸರಿಗೆ ಬಸ್ಸು ಬಿಟ್ಟಿ ಅಂತ ಕೇಳಿ ಆಧಾರ್ ಕಾರ್ಡು ಹಿಡಿದುಕೊಂಡು ಹತ್ತಿದಳಂತೆ. ಕಂಡಕ್ಟರಮ್ಮ ತಿರುಗಿಸಿ ನೋಡಿ, "ಇದಿ ಕರ್ನಾಟಕ ಕಾರ್ಡಮ್ಮಾ, ಚೆಲ್ಲದು," ಅಂದಳಂತೆ, ಇಲ್ಲಿ ನಡೆಯುವುದಿಲ್ಲ ಅಂತ. ನಾಗಮ್ಮ ಅದನ್ನು ಹೇಳಿ ಹೇಳಿ ನಕ್ಕಳು. "ಊರಾಗ ಹೋದ್ರ ನೀವು ಹೈದರಾಬಾದ್ ಮಂದಿ ಅಂತಾರ. ಇಲ್ಲಿ ಕಾರ್ಡ್ ನೋಡಿ ನೀವು ಆ ಕಡಿಯವರು ಅಂತಾರ. ನಾವ್ ಎಲ್ಲಿಯವರ್ರಿ ಟೀಚರ್?" ಮಕ್ಕಳಿಗೇನೋ ಪಾಸು ಮಾಡಿಸಿದೆವು.

ಆ ಮಳೆಗಾಲ ಚೆನ್ನಾಗಿತ್ತು. ಈಗ ನೆನೆಸಿಕೊಂಡರೆ ಸಂಕಟವಾಗುವುದು ಅದಕ್ಕೇ. ಬಾಲಾನಗರದ ಮಕ್ಕಳು ತೊಯ್ದ ಚಪ್ಪಲಿಗಳನ್ನು ಬಾಗಿಲಲ್ಲಿ ಸಾಲಾಗಿ ಇಡುತ್ತಿದ್ದರು. ತರಗತಿಯಲ್ಲಿ ಒದ್ದೆ ಬಟ್ಟೆಯ, ರೊಟ್ಟಿ ಕಟ್ಟಿದ ಅರಿವೆಯ ವಾಸನೆ. ನನಗೆ ಎಷ್ಟೋ ವರ್ಷದ ಮೇಲೆ ಗಂಟಲು ಕಟ್ಟುವಷ್ಟು ಕೂಗಿ ಪಾಠ ಹೇಳುವ ಸುಖ ಸಿಕ್ಕಿತು. ಖಾಲಿ ಬೆಂಚುಗಳಿಗೆ ಪಾಠ ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಆ ಪಾಠ ಬಂತು. ಭೂಮಿಯ ಮೇಲೆ ಜನ ಎಲ್ಲ ಕಡೆ ಸಮನಾಗಿ ಯಾಕೆ ಹಂಚಿಕೊಂಡಿಲ್ಲ. ಮೂವತ್ತು ವರ್ಷ ಹೇಳಿದ್ದು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯೇನು. ಹಲಗೆಯ ತುಂಬ ಜಗತ್ತಿನ ನಕ್ಷೆ ಬರೆದು, ಸೀಮೆಸುಣ್ಣದಿಂದ ಚುಕ್ಕಿ ಇಡುವುದು ನನ್ನ ಪದ್ಧತಿ. ಗಂಗೆಯ ಬಯಲಿಗೆ, ಚೀನಾದ ಪೂರ್ವ ಭಾಗಕ್ಕೆ ಟಕಟಕ ಅಂತ ಚುಕ್ಕಿ ಬೀಳುತ್ತವೆ, ನೈಲ್ ನದಿಯ ದಂಡೆಗುಂಟ ಒಂದು ಬಿಳಿ ದಾರದಷ್ಟು. ಸಹಾರಾ ಖಾಲಿ, ಧ್ರುವದ ಕಡೆ ಖಾಲಿ, ದೊಡ್ಡ ದೊಡ್ಡ ಬೆಟ್ಟಗಳ ಮೇಲೆ ಖಾಲಿ. ಮಕ್ಕಳಿಗೆ ಆ ಸದ್ದು ಇಷ್ಟ. ಆಮೇಲೆ ಪಕ್ಕದಲ್ಲಿ ಕಾರಣ ಬರೆಸುತ್ತೇನೆ: ನೀರು, ಸಪಾಟು ನೆಲ, ಫಲವತ್ತಾದ ಮಣ್ಣು, ಹಿತವಾದ ಹವೆ.

ಶರಣಮ್ಮ ಎದ್ದು ನಿಂತಳು.

"ಟೀಚರ್, ನಮ್ಮೂರ ಬಾಜೂಕ ಹೊಳಿ ಐತ್ರಿ. ನೆಲಾ ಸಪಾಟ ಐತಿ. ಎರಿ ಮಣ್ಣು, ಒಮ್ಮಿ ಬಿತ್ತಿದ್ರ ಸಾಕು. ಇದರಾಗ ಇದ್ದದ್ದೆಲ್ಲಾ ಐತಿ."

"ಹೌದು."

"ಇಲ್ಲಿ ನೋಡಿದ್ರ ಬರೀ ಬಂಡಿಗಲ್ಲು. ನೀರು ಟ್ಯಾಂಕರ್‌ನ್ಯಾಗ ಬರ್ತಾವು. ಮತ್ತ ಮಂದಿ ಇಲ್ಲಿ ಯಾಕ ಬಂದಾರ್ರಿ?"

ಪಾಠದ ಕೊನೆಯಲ್ಲಿ ಅದಕ್ಕೂ ಒಂದು ಸಾಲು ಇದೆ. ಪಟ್ಟಿಯ ಕೆಳಗೆ "ಉದ್ಯೋಗ" ಅಂತ ಬರೆದೆ. "ಕೆಲಸ ಇದ್ದಲ್ಲಿ ಮಂದಿ ಬರ್ತಾರ," ಅಂದೆ.

ಅವಳು ಕೂರಲಿಲ್ಲ. "ಹಂಗಾದ್ರ ಕೆಲಸಾನ ಊರಿಗೆ ಒಯ್ಯಾಕ ಬರಂಗಿಲ್ಲೇನ್ರಿ?"

ಹುಡುಗರು ನಕ್ಕರು. ಅದು ನಗುವ ಪ್ರಶ್ನೆ ಅಲ್ಲ ಅಂತ ನನಗೆ ಗೊತ್ತಿತ್ತು, ಆದರೂ ನಾನೂ ನಕ್ಕೆ. ಉತ್ತರ ಗೊತ್ತಿಲ್ಲದಾಗ ನಾವು ಟೀಚರುಗಳು ಮಾಡುವ ಕೆಲಸ ಅದೇ. "ಅದು ಪಾಠದಾಗ ಇಲ್ಲವ್ವ," ಅಂದೆ. ಆಮೇಲೆ ಸ್ವಲ್ಪ ನಾಚಿಕೆಯಾಗಿ, ಅವಳನ್ನು ಮುಂದಕ್ಕೆ ಕರೆದು ಸೀಮೆಸುಣ್ಣ ಕೊಟ್ಟು, "ನಿನ್ನ ಚುಕ್ಕಿ ನೀನ ಇಡು," ಅಂದೆ. ಅವಳು ನಕ್ಷೆಯ ಮೇಲೆ ಬೆರಳಿಟ್ಟು ಊರು ಹುಡುಕಿದಳು. ಆ ನಕ್ಷೆಯಲ್ಲಿ ಇಡೀ ದಕ್ಷಿಣ ಭಾರತವೇ ನನ್ನ ಹೆಬ್ಬೆರಳಿನಷ್ಟಿತ್ತು. ಅವಳ ಊರೂ ಹೈದರಾಬಾದೂ ಒಂದೇ ಚುಕ್ಕಿಯ ಕೆಳಗೆ ಬರುತ್ತಿದ್ದವು. ಅದನ್ನು ಕಂಡು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಚುಕ್ಕಿಯನ್ನು ಉಳಿದ ಚುಕ್ಕಿಗಳಿಗಿಂತ ದೊಡ್ಡದಾಗಿ ಇಟ್ಟು ಬಂದು ಕೂತಳು.

ನವೆಂಬರ್ ಕೊನೆಗೆ ಕಚೇರಿಯ ಅಧಿಕಾರಿ ಫೋನು ಮಾಡಿದರು. ಭಟ್ ಸರ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದರು, ಫೋನು ನನ್ನ ಕೈಗೆ ಬಂತು. ಎಣಿಸಲು ಬರುವುದಕ್ಕೆ ಎರಡು ದಿನ ಹೇಳಿದರು. ಡಿಸೆಂಬರಿನ ಕೊನೆಯ ಸೋಮವಾರ, ಇಲ್ಲದಿದ್ದರೆ ಜನವರಿಗೆ ಬೀಳುವ ಆ ವಾರದ ಶುಕ್ರವಾರ. ಯಾವುದು ಅನುಕೂಲವೋ ನೀವೇ ಹೇಳಿ ಅಂದರು. ಮನುಷ್ಯ ಸಭ್ಯ, ತೆಲುಗಿನಲ್ಲಿ ಎರಡೆರಡು ಸಲ "ಮೀ ಇಷ್ಟಮಮ್ಮಾ" ಅಂದರು.

ಗೋಡೆಯ ಮೇಲೆ ತೆಲುಗು ಕ್ಯಾಲೆಂಡರ್ ಇತ್ತು. ಸೋಮವಾರದ ಮನೆಯಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು, ರಜೆಯ ಕೆಂಪಕ್ಷರ ಇರಲಿಲ್ಲ. ಶುಕ್ರವಾರ ನನ್ನ ನಾದಿನಿ ಕಲಬುರಗಿಯಿಂದ ಬರುವವಳಿದ್ದಳು, ಅವಳನ್ನು ಪ್ರದರ್ಶನಕ್ಕೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಹಿಂದಿನ ದಿನವಷ್ಟೇ ಅವಳು ಫೋನಿನಲ್ಲಿ, "ಡಿಸೆಂಬರ್ ಕೊನೀ ಸೋಮವಾರ ಅಮಾಸಿ ಮುಗಿಸ್ಕೊಂಡು ಶುಕ್ರವಾರ ಬರ್ತೀನಿ ವೈನಿ," ಅಂದಿದ್ದಳು. ನನ್ನ ಕಿವಿ ಶುಕ್ರವಾರವನ್ನು ಮಾತ್ರ ಹಿಡಿದುಕೊಂಡಿತ್ತು. "ಸೋಮವಾರವೇ ಬನ್ನಿ ಸಾರ್," ಎಂದು ತೆಲುಗಿನಲ್ಲೇ ಹೇಳಿದೆ.

ಎಳ್ಳಮಾವಾಸ್ಯೆ ಅಂದರೆ ನಮ್ಮ ಕಡೆ ಏನು ಅಂತ ಹೇಳಬೇಕು. ಅವತ್ತು ಮನೆಯಲ್ಲಿ ಯಾರೂ ಇರುವುದಿಲ್ಲ, ಊರಿಗೆ ಊರೇ ಹೊಲದಲ್ಲಿರುತ್ತದೆ. ಹತ್ತಾರು ಕಾಯಿ, ಸೊಪ್ಪು, ಹಸಿ ಕಾಳು ಸೇರಿಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು. ಮೊದಲು ಬೆಳೆಯ ನಡುವೆ ಚರಗ ಚೆಲ್ಲಬೇಕು, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಎರಚಬೇಕು. ಆಮೇಲೆ ಎಲ್ಲರೂ ಕೂತು ಉಣ್ಣುವುದು. ಹೊಲ ಇಲ್ಲದವರು ಇದ್ದವರ ಹೊಲಕ್ಕೆ ಹೋಗುತ್ತಾರೆ. ದೂರ ದೂರ ದುಡಿಯಲು ಹೋದವರು ಯುಗಾದಿಗೆ ಬರದಿದ್ದರೂ ಅವತ್ತು ಬಂದೇ ಬರುತ್ತಾರೆ. ನಾನೂ ಹದಿನೆಂಟು ವರ್ಷ ಅಪ್ಪನ ಹೊಲದಲ್ಲಿ ಹಾಗೆ ಉಂಡವಳು. ಆ ಹೊಲ ಮಾರಿದರು, ನಾನು ಈ ಊರಿಗೆ ಸೊಸೆಯಾಗಿ ಬಂದೆ. ಒಂದಷ್ಟು ವರ್ಷ ಮಾಳಿಗೆಯ ಮೇಲೆ ಕೂತು ಭಜ್ಜಿ ಉಂಡೆವು, ಆಮೇಲೆ ಅದೂ ನಿಂತಿತು. ಭಟ್ ಸರ್ ಸೀಮೆಯಲ್ಲಿ ಈ ಹಬ್ಬ ಇಲ್ಲ, ಅವರಿಗೆ ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿರಬೇಕಾದವಳು ನಾನೊಬ್ಬಳೇ ಇದ್ದೆ.

ಶನಿವಾರ ಶಾಲೆ ಬಿಡುವಾಗ ಮಕ್ಕಳಿಗೆ ಹೇಳಿದೆ. ಸೋಮವಾರ ಒಬ್ಬರೂ ತಪ್ಪಿಸಬಾರದು, ಸಾಹೇಬರು ಬರುತ್ತಾರೆ, ಶಾಲೆ ಉಳಿಯುವುದು ಅವರ ಕೈಯಲ್ಲಿದೆ. ಮಕ್ಕಳು ಹೂಂ ಅಂದರು. ದೊಡ್ಡವರ ಮುಂದೆ ಹೂಂ ಅನ್ನುವುದು ಮಕ್ಕಳಿಗೆ ರೂಢಿ. ಶರಣಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು. ನಾನು ನೋಟ್‌ಬುಕ್ ತಿದ್ದುತ್ತಿದ್ದೆ.

"ಟೀಚರ್, ಸೋಮವಾರನ ಬರಬೇಕೇನ್ರಿ ಅವರು?"

"ಸೋಮವಾರನ. ಯಾಕ?"

"ಏನಿಲ್ರಿ."

ತಲೆ ಎತ್ತಿ ನೋಡಿದ್ದರೆ ಇನ್ನೂ ಎರಡು ಮಾತು ಕೇಳುತ್ತಿದ್ದೆನೇನೋ. ಎತ್ತಲಿಲ್ಲ. ಅವಳು ಹೋದಳು.

ಸೋಮವಾರ ಒಂಬತ್ತಕ್ಕೇ ಗೇಟಿನಲ್ಲಿ ನಿಂತೆ. ಹಿಮಾಯತ್‌ನಗರದ ಮಕ್ಕಳು ಒಬ್ಬನನ್ನು ಬಿಟ್ಟು ಎಲ್ಲರೂ ಬಂದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಭಟ್ ಸರ್ ಕೂಡ ಬಂದರು. ಬಾಲಾನಗರದ ಮಕ್ಕಳು ಬರುವ ಬಸ್ಸು ಬಂತು. ಅದರಿಂದ ಶರಣಮ್ಮ ಇಳಿದಳು. ನಾನು ಅವಳ ಹಿಂದೆ ನೋಡುತ್ತಾ ನಿಂತೆ, ಬಸ್ಸು ಹೊರಟುಹೋಯಿತು.

"ಉಳಿದವರು?"

"ಎಲ್ಲಾರೂ ಊರಿಗೆ ಹೋದರ್ರಿ. ನಿನ್ನೆ ಟೆಂಪೋ ಮಾಡ್ಕೊಂಡು. ಇವತ್ತ ಎಳ್ಳಮಾಸಿ ಐತಲ್ಲರೀ ಟೀಚರ್."

ಕ್ಯಾಲೆಂಡರಿನ ಕಪ್ಪು ಚುಕ್ಕೆ, ನಾದಿನಿಯ ಮಾತು, ಎಲ್ಲ ಒಟ್ಟಿಗೆ ನೆನಪಾದವು. ಬಾಯಿಂದ ಬಂದದ್ದು ಮಾತ್ರ, "ಮತ್ತ ನೀ ಹೆಂಗ ಉಳದಿ?" ಅಂತ.

"ನಾ ಒಲ್ಲೆ ಅಂದೆ. ಸಾಹೇಬರು ಎಣಸಾಕ ಬರ್ತಾರ, ಸಾಲಿ ಹೋಗತೈತಿ ಅಂದೆ. ಅಪ್ಪ ಬೈದ. ಎಣಸೋರು ನಾಳಿ ಎಣಸ್ಲಿ, ನಾವೇನ ಓಡಿಹೋಗ್ತೀವೇನು ಅಂದ. ಒಬ್ಬೊಬ್ಬರ ಶೆಡ್ಡಿಗೂ ಹೋಗಿ ಹೇಳಿದ್ನಿರಿ. ಯಾರೂ ನನ್ನ ಮಾತ ಕೇಳಲಿಲ್ಲ." ಕಟ್ಟಡದ ವಾಚ್‌ಮನ್‌ನ ಹೆಂಡತಿ ತೆಲುಗಿನವಳು, ಊರಿಗೆ ಹೋಗಿರಲಿಲ್ಲ, ಶರಣಮ್ಮ ರಾತ್ರಿ ಅವಳ ಹತ್ತಿರ ಇದ್ದು ಬಂದಿದ್ದಳು.

ಅಧಿಕಾರಿ ಹನ್ನೊಂದಕ್ಕೆ ಬಂದರು. ಹಾಜರಿ ಪುಸ್ತಕ ಮುಂದಿಟ್ಟೆವು. ಅದನ್ನು ಮುಟ್ಟಲೂ ಇಲ್ಲ. "ಪುಸ್ತಕದಲ್ಲಿ ಎಲ್ಲ ಕಡೆ ಮಕ್ಕಳು ತುಂಬಿರುತ್ತಾರಮ್ಮಾ," ಎಂದು ತೆಲುಗಿನಲ್ಲಿ ಹೇಳಿ, ಬೆಂಚುಗಳ ನಡುವೆ ನಡೆದು ಬೆರಳಿನಿಂದ ಎಣಿಸಿದರು. ಇಪ್ಪತ್ತು ಹಿಮಾಯತ್‌ನಗರದವರು, ಒಬ್ಬಳು ಶರಣಮ್ಮ. ಇಪ್ಪತ್ತೊಂದು ಅಂತ ಬರೆದುಕೊಂಡರು.

ಮಕ್ಕಳನ್ನು ಅಂಗಳಕ್ಕೆ ಕಳಿಸಿ ಕೈ ಮುಗಿದೆ. ಹಬ್ಬಕ್ಕೆ ಹೋಗಿದ್ದಾರೆ, ಎರಡು ದಿನದಲ್ಲಿ ಬರುತ್ತಾರೆ, ಶುಕ್ರವಾರ ಬನ್ನಿ ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಮಾ ಊರ್ಲೋ ಕೂಡಾ ಅಂತೇನಮ್ಮಾ," ಅಂದರು, ನಮ್ಮೂರಲ್ಲೂ ಹಾಗೇ ಅಂತ. ಅವರದು ಮಹಬೂಬ್‌ನಗರದ ಕಡೆಯ ಹಳ್ಳಿಯಂತೆ, ಅಲ್ಲಿಯೂ ಮನೆಗಳಿಗೆ ಬೀಗ. "ಇಲ್ಲಿ ಇದ್ದವರನ್ನು ನಾನು ಬರೆಯಬಹುದು. ಎಲ್ಲೋ ಇರುವವರನ್ನು ಇಲ್ಲಿ ಇದ್ದಾರೆಂದು ಹೇಗೆ ಬರೆಯಲಿ? ಶುಕ್ರವಾರವನ್ನು ಬೇರೆ ಶಾಲೆಗೆ ಕೊಟ್ಟಾಯಿತು, ವರದಿ ಇವತ್ತೇ ಹೋಗಬೇಕು." ಪೆನ್ನು ಮುಚ್ಚುತ್ತಾ, ಯಾವ ಕುಹಕವೂ ಇಲ್ಲದೆ, "ಈ ತಾರೀಖು ನೀವೇ ಹೇಳಿದ್ದಲ್ಲವೇನಮ್ಮಾ?" ಅಂದರು.

ಭಟ್ ಸರ್ ನನ್ನ ಕಡೆ ತಿರುಗಿದರು. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

ಮಧ್ಯಾಹ್ನ ಶರಣಮ್ಮ ಡಬ್ಬಿ ಬಿಚ್ಚಿದಳು. ನಾಗಮ್ಮ ಹೊರಡುವ ಮೊದಲು ಮಗಳಿಗೆಂದು ಭಜ್ಜಿ ಮಾಡಿಟ್ಟು ಹೋಗಿದ್ದಳು. ಹುಡುಗಿ ಅಂಗಳದ ಬೇವಿನ ಮರದ ಹತ್ತಿರ ಹೋಗಿ, ಒಂದು ತುತ್ತು ತೆಗೆದು, ಸಿಮೆಂಟು ಇಲ್ಲದ ಒಂದು ಮೊಳ ಮಣ್ಣು ಹುಡುಕಿ ಅದರ ಮೇಲೆ ಎರಚಿದಳು. ಬಾಯಲ್ಲಿ ಏನೋ ಅಂದುಕೊಂಡಳು. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ನನಗೂ ಸ್ವಲ್ಪ ಹಾಕಿ ತಂದುಕೊಟ್ಟಳು. ಹಸಿ ಕಡಲೆ, ಮೆಂತ್ಯ, ಹುಣಸೆ ಹುಳಿ.

"ಸಾಹೇಬರು ಏನಂದರ್ರಿ?"

"ನೋಡೋಣ ಅಂದಾರ," ಎಂದು ಸುಳ್ಳು ಹೇಳಿದೆ.

ಶುಕ್ರವಾರ ನಾದಿನಿ ಬಂದಳು, ಪ್ರದರ್ಶನಕ್ಕೆ ಹೋದೆವು. ಅವಳು ಚಾದರ ಕೊಂಡಳು. ನಾನು ಏನು ನೋಡಿದೆನೋ ಒಂದೂ ನೆನಪಿಲ್ಲ.

ಅದಕ್ಕೂ ಮೊದಲು ಬುಧವಾರವೇ ಬಾಲಾನಗರದ ಮಕ್ಕಳೆಲ್ಲ ಬಂದಿದ್ದರು, ಬಿಸಿಲಿಗೆ ಮುಖ ಕೆಂಪಾಗಿ, ಬಾಯಿತುಂಬ ಊರಿನ ಸುದ್ದಿ. ಮಲ್ಲಪ್ಪ ಅವರನ್ನು ಬಿಡಲು ಬಂದವನು ನನಗೊಂದು ಸುಲಗಾಯಿ ಕಟ್ಟು ತಂದಿದ್ದ. ಅವನಿಗೆ ಬೈಯಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಅವನು ಬಾಯಿ ಬಿಡಲು ಅವಕಾಶವನ್ನೇ ಕೊಡಲಿಲ್ಲ.

"ಅವತ್ತ ಊರಾಗ ಕಾಲಿಡಾಕ ಜಾಗ ಇರಲಿಲ್ರಿ ಟೀಚರ್. ಪುಣಾ, ಮುಂಬೈ, ಬೆಂಗಳೂರು, ಎಲ್ಲಾ ಕಡಿಂದ ಬಂದಿದ್ರು. ಮುಚ್ಚಿದ ಸಾಲಿ ಬಯಲಾಗ ಹುಡುಗರು ಹಿಂಡುಹಿಂಡು ಆಡಾಕತ್ತಿದ್ವು. ನಮ್ಮವ್ವ ನೋಡಿ ಅತ್ಳು. ಶರಣಿ ಒಬ್ಬಾಕಿ ಇಲ್ಲಂತ ಹಾದಿ ನೋಡಿ ನೋಡಿ ಉಣ್ಣಲಿಲ್ಲ ಮುದುಕಿ." ಆಮೇಲೆ ಸ್ವರ ತಗ್ಗಿಸಿ, "ಒಂದು ದಿನಕ್ಕ ಏನಾಗತೈತಿ ಅಂತ ಹೋದ್ವಿರಿ. ಏನೂ ಆಗಲಿಲ್ಲಲ್ಲ?" ಅಂದ.

ಮುಚ್ಚಿದ ಆ ಶಾಲೆಯ ಬಯಲಿಗೆ ಅವತ್ತು ಎಣಿಸಲು ಯಾರೂ ಹೋಗಿರಲಿಲ್ಲ. ಇಬ್ಬರು ಅಧಿಕಾರಿಗಳು ಎರಡು ಕಡೆ ಎಣಿಸಿ ಎರಡು ಶಾಲೆ ಮುಚ್ಚಿದರು, ಮಕ್ಕಳು ಮಾತ್ರ ಅವರೇ. ಮಲ್ಲಪ್ಪನಿಗೆ ನಾನು ಬೈಯಲಿಲ್ಲ. ಯಾವ ಬಾಯಿಂದ ಬೈಯಲಿ?

ಜನವರಿಯಿಂದ ಮಾರ್ಚ್‌ವರೆಗೆ ನಾಂಪಲ್ಲಿಯ ಕಚೇರಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಅರ್ಜಿ ಕೊಟ್ಟೆ, ಮತ್ತೆ ಕೊಟ್ಟೆ. ಕಡತ ಮೇಲೆ ಹೋಗಿದೆ ಅಂದರು, ಮೇಲಿನವರು ಕೆಳಗೆ ಬಂದಿದೆ ಅಂದರು. ಮಾರ್ಚ್‌ನಲ್ಲಿ ಆದೇಶ ಬಂತು. ಹತ್ತನೆಯವರು ಪರೀಕ್ಷೆ ಬರೆಯಬಹುದು, ಉಳಿದವರಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿ. ಏಪ್ರಿಲ್‌ಗೆ ನನ್ನ ನಿವೃತ್ತಿಯೂ ಇತ್ತು. ನನಗೆ ಶಾಲು ಹೊದಿಸಿದರು.

ಶರಣಮ್ಮನನ್ನು ಕರೆದುಕೊಂಡು ಬಾಲಾನಗರದ ಹತ್ತಿರದ ಒಂದು ತೆಲುಗು ಶಾಲೆಗೆ ಹೋದೆ. ಅಲ್ಲಿನ ಹೆಡ್‌ಮಿಸ್ ಒಳ್ಳೆಯವರೇ. ಪುಸ್ತಕ ತೆರೆದು ಓದು ಅಂದರು. ಮಾತಾಡುವ ತೆಲುಗು ಅವಳಿಗೆ ಬರುತ್ತಿತ್ತು, ಓದಲು ಹೋಗಿ ನಾಲ್ಕು ಶಬ್ದಕ್ಕೆ ನಿಂತಳು. ಆರನೇ ತರಗತಿಗೆ ಸೇರಿಸಿಕೊಳ್ಳಬಹುದು ಅಂದರು. ಹೊರಗೆ ಬಂದು ಶರಣಮ್ಮ, "ಆರನೇತ್ತಾ ಅಂತಾರಲ್ರಿ. ನಾ ಎಂಟು ಕಲ್ತೀನಿ," ಎಂದಳು. ನನ್ನ ಮನೆಯಲ್ಲಿಟ್ಟುಕೊಂಡು ನಾನೇ ತೆಲುಗು ಕಲಿಸಿ ಕೂರಿಸಬಹುದಿತ್ತು. ಎರಡು ಕೋಣೆ, ಹಾಸಿಗೆ ಹಿಡಿದ ಮಾವ, ಅಂತ ನನಗೆ ನಾನೇ ಕಾರಣ ಹೇಳಿಕೊಂಡೆ. ಕಾರಣಗಳನ್ನು ಬರೆಸುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವ.

ಶಾಲೆಯ ಕೊನೆಯ ದಿನ ಎಲ್ಲ ಮಕ್ಕಳೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತಿದ್ದಳು. ಆದೇಶದ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

"ಟೀಚರ್, ನಂದ ತಪ್ಪಾತ್ರಿ," ಅಂದಳು.

"ನಿಂದೇನು ತಪ್ಪವ್ವ?"

"ನಾ ಎಲ್ಲಾರನ್ನೂ ತಡೀಬೇಕಿತ್ತು. ಇನ್ನ ಒಂಬತ್ತ ಮಂದಿನ್ನ ಕರಕೊಂಡು ಬಂದಿದ್ರ ಸಾಲಿ ಉಳೀತಿತ್ತಲ್ರಿ? ಕಾಲಿಗಿ ಬಿದ್ದಿದ್ರ ಬರ್ತಿದ್ರೋ ಏನೋ. ನಾ ಬರೀ ಬಾಯಿಲೆ ಹೇಳಿದೆ."

ಸೋಮವಾರವನ್ನು ನಾನು ಆರಿಸಿದ್ದು, ಶುಕ್ರವಾರ ಅಂದಿದ್ದರೆ ಹದಿಮೂರೂ ಮಕ್ಕಳು ಬೆಂಚಿನಲ್ಲಿ ಇರುತ್ತಿದ್ದರು ಅಂತ ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ನನ್ನ ಬಗ್ಗೆ ಇದ್ದ ಮರ್ಯಾದೆಯನ್ನು ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. "ಹಂಗ ಅನಬ್ಯಾಡ, ಸುಮ್ನ ಹೋಗು. ನಿನ್ನ ಟಿಸಿ ನಾನ ತಂದು ಕೊಡ್ತೀನಿ," ಅಂದೆ.

ಬಾಲಾನಗರದ ಮಕ್ಕಳ ಟಿಸಿಗಳನ್ನು ನನ್ನ ಕೈಯಿಂದಲೇ ಬರೆದೆ. ಶಾಲೆ ಬಿಟ್ಟ ಕಾರಣ ಅಂತ ಒಂದು ಕಾಲಂ ಇದೆ. ಭಟ್ ಸರ್ "ಪೋಷಕರ ವಲಸೆ ಅಂತ ಹಾಕಿ ಮೇಡಂ" ಎಂದರು, ಎಲ್ಲ ಹದಿಮೂರಕ್ಕೂ ಅದನ್ನೇ ಹಾಕಿದೆ. ಹನ್ನೆರಡನ್ನು ಅವರವರ ಮನೆಯವರು ಬಂದು ಒಯ್ದರು. ಶರಣಮ್ಮನದನ್ನು ಒಯ್ಯಲು ಯಾರೂ ಬರಲಿಲ್ಲ, ನಾನು ತರುತ್ತೇನೆಂದು ಹೇಳಿದ್ದೆನಲ್ಲ. ಬೀಳ್ಕೊಡುಗೆ, ಪೆನ್ಷನ್ ಫಾರಂ, ಮಾವನ ಆಸ್ಪತ್ರೆ ಅಂತ ಮೂರು ವಾರ ಕಳೆದವು. ನಿಜ ಹೇಳಬೇಕೆಂದರೆ ಟಿಸಿ ಕೊಡಲು ಹೋದರೆ ಸೋಮವಾರದ ಆ ಮಾತನ್ನೂ ಹೇಳಬೇಕಾಗುತ್ತದೆ ಅಂತ ದಿನ ತಳ್ಳಿದೆ. ಕೊನೆಗೆ ಒಂದು ಬೆಳಿಗ್ಗೆ, ಏನಾದರಾಗಲಿ ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು, ಬಾಲಾನಗರದ ಬಸ್ಸು ಹತ್ತಿದೆ.

ಕಟ್ಟಡ ಮುಗಿದಿತ್ತು. ಶೆಡ್ಡುಗಳಿದ್ದ ಜಾಗ ಸಪಾಟಾಗಿತ್ತು, ಅಲ್ಲಿ ಹುಲ್ಲುಹಾಸು ಹಾಕಲು ಕೆಮ್ಮಣ್ಣು ಸುರಿದಿದ್ದರು. ವಾಚ್‌ಮನ್ ಹೊಸಬ. ಗುತ್ತಿಗೆದಾರ ಕೆಲಸದವರನ್ನೆಲ್ಲ ಎಂಟು ದಿನದ ಹಿಂದೆ ಲಾರಿಯಲ್ಲಿ ಕರೆದುಕೊಂಡು ಹೋದನಂತೆ. ಪುಣೆಗೋ, ಊರಿನ ಆ ತುದಿಗೋ, ಅವನಿಗೆ ಗೊತ್ತಿರಲಿಲ್ಲ. ಮಲ್ಲಪ್ಪನ ನಂಬರಿಗೆ ಅಲ್ಲೇ ನಿಂತು ಮಾಡಿದೆ. ಚಾಲ್ತಿಯಲ್ಲಿಲ್ಲ ಅಂತ ಮೂರು ಭಾಷೆಯಲ್ಲಿ ಹೇಳಿತು. ಒಂದು ಎತ್ತರದ ಬಾಲ್ಕನಿಯಲ್ಲಿ ಯಾರೋ ಆಗಲೇ ಬಟ್ಟೆ ಒಣಗಹಾಕಿದ್ದರು.

ಆಟೋ ಇಳಿದು ಮನೆಗೆ ಬಂದು, ನಾಂಪಲ್ಲಿಯಲ್ಲಿ ಕೊಂಡ ಸುಲಗಾಯಿ ಕಟ್ಟನ್ನು ಅಡುಗೆಕಟ್ಟೆಯ ಮೇಲೆ ಇಟ್ಟು, ಕಪಾಟು ತೆಗೆದು ಶರಣಮ್ಮನ ಟಿಸಿ ನೋಡಿದೆ. ನನ್ನದೇ ಅಕ್ಷರ. ಬೇರೆ ಯಾವ ಶಾಲೆಗೆ ಸೇರಬೇಕಾದರೂ ಅವಳಿಗೆ ಇದು ಬೇಕು. ಅವಳ ಊರು ಮುಟ್ಟಿಸುವ ಗಾಡಿ ನಾಂಪಲ್ಲಿಯಿಂದ ಇವತ್ತೇ ಹೊರಡುತ್ತದೆ, ನಾಳೆ ಎಲ್ಲಿದ್ದರೂ ಅವರೆಲ್ಲ ಹೊಲಕ್ಕೆ ಬರುತ್ತಾರೆ. ಇದೆಲ್ಲ ಈ ಸಲ ನನಗೆ ಒಂದು ದಿನ ಮೊದಲೇ ಗೊತ್ತಾಗಿತ್ತು. ಒಳಗಿನಿಂದ ಮಾವ ನೀರು ಕೇಳಿದರು. ಟಿಸಿಯನ್ನು ಮತ್ತೆ ಮಡಿಸಿ ಇಟ್ಟು, ಕೈ ತೊಳೆದುಕೊಂಡು, ನೀರು ತೆಗೆದುಕೊಂಡು ಹೋದೆ.